ಎರಡನೇ ಪ್ರಶ್ನೆ ಯಾಕೆ ಬರುವುದಿಲ್ಲ?

ಕನ್ನಡದಲ್ಲಿ ಈಗ ಪಾಡ್‌ಕಾಸ್ಟ್ ಸುಗ್ಗಿ. ಇತಿಹಾಸಕಾರರು, ಸಮಾಜಶಾಸ್ತ್ರದವರು, ತತ್ವಶಾಸ್ತ್ರ ಕಲಿಸಿ ನಿವೃತ್ತರಾದ ಮೇಷ್ಟ್ರುಗಳು ಎಲ್ಲರೂ ಮೈಕಿನ ಮುಂದೆ ಕೂತು ಎರಡೆರಡು ಗಂಟೆ ಮಾತಾಡುತ್ತಿದ್ದಾರೆ. ನಾನೂ ಕೇಳುತ್ತೇನೆ, ಪಾತ್ರೆ ತೊಳೆಯುವಾಗ, ಬಸ್ಸಿನಲ್ಲಿ, ನಿದ್ದೆ ಬರದ ರಾತ್ರಿ. ಖುಷಿಪಡಬೇಕಾದ ವಿಷಯವೇ. ಆದರೆ ಒಂದು ತಕರಾರಿದೆ. ಇವುಗಳಲ್ಲಿ ಎರಡನೇ ಪ್ರಶ್ನೆ, ಅಂದರೆ ಕೊಟ್ಟ ಉತ್ತರವನ್ನೇ ಹಿಡಿದು ಕೇಳುವ ಮರುಪ್ರಶ್ನೆ, ಅನ್ನೋದೇ ಇರುವುದಿಲ್ಲ.

ಹೇಗೆ ಅಂದರೆ, ಬಂದ ಅತಿಥಿ ಮಾತಿನ ಓಘದಲ್ಲಿ 'ಜಾತಿ ಗಟ್ಟಿಯಾಗಿದ್ದೇ ಬ್ರಿಟಿಷರ ಜನಗಣತಿಯಿಂದ' ಅಂದುಬಿಡುತ್ತಾರೆ ಅಂತ ಇಟ್ಟುಕೊಳ್ಳಿ. ಇದು ಸಣ್ಣ ಮಾತಾ? ಹಾಗಾದರೆ ಹನ್ನೆರಡನೇ ಶತಮಾನದಲ್ಲಿ ವಚನಕಾರರು ಜಗಳ ಆಡಿದ್ದು ಯಾರ ಜೊತೆ ಸ್ವಾಮಿ, ಅಂತ ಅಲ್ಲೇ ಕೇಳಬೇಕಿತ್ತು. ಕೇಳಿದ್ದರೆ ಅವರು ಬಹುಶಃ ಒಳ್ಳೆಯ ಉತ್ತರವನ್ನೇ ಕೊಡುತ್ತಿದ್ದರು. ಜಾತಿ ಮೊದಲೂ ಇತ್ತು, ಆದರೆ 1901ರ ಗಣತಿಯಲ್ಲಿ ಅದರ ಮುಖ್ಯಸ್ಥನಾಗಿದ್ದ ರಿಸ್ಲೆ ಸಾಹೇಬ ಯಾವ ಜಾತಿ ಮೇಲೆ, ಯಾವುದು ಕೆಳಗೆ ಅಂತ ಪಟ್ಟಿ ಮಾಡಲು ಹೊರಟ, ಆಗ ಜಾತಿಗಳೇ ಮುಂದೆ ಬಂದು ನಮ್ಮನ್ನು ಮೇಲಕ್ಕೆ ಹಾಕಿ ಅಂತ ಅರ್ಜಿ ಕೊಟ್ಟವು ಅನ್ನುತ್ತಿದ್ದರು. ಅಲ್ಲಿಂದ ಮಾತು ಎಲ್ಲೋ ಹೋಗುತ್ತಿತ್ತು. ನಮ್ಮ ನಿರೂಪಕ ಏನು ಮಾಡುತ್ತಾನೆ? 'ಅದ್ಭುತ ಸರ್. ಇವತ್ತಿನ ಯುವಜನರಿಗೆ ನಿಮ್ಮ ಸಂದೇಶ?'

ಸಂದೇಶವಂತೆ!

1978ರಲ್ಲಿ ಬಿಬಿಸಿಯಲ್ಲಿ ಬ್ರಯನ್ ಮಗೀ ಅನ್ನುವವರು ತತ್ವಜ್ಞಾನಿಗಳ ಜೊತೆ ಒಂದು ಮಾತುಕತೆ ಸರಣಿ ಮಾಡಿದ್ದರು. ಆಗ ಅವರು ಸಂಸದ ಕೂಡ. (ನಮ್ಮ ಸಂಸದರನ್ನು ಇಲ್ಲಿ ಎಳೆದು ತರುವುದಿಲ್ಲ, ಬಿಡಿ.) ಸೆಟ್ ಅಂದರೆ ಒಂದು ಸೋಫಾ, ಇಬ್ಬರು ಮನುಷ್ಯರು, ಅಷ್ಟೇ. ಒಂದು ಕಂತಿನಲ್ಲಿ ಎ.ಜೆ. ಏಯರ್ ಬಂದಿದ್ದರು. ಅನುಭವದಿಂದಲೋ ತರ್ಕದಿಂದಲೋ ಪರೀಕ್ಷೆ ಮಾಡಲಾಗದ ಮಾತಿಗೆ ಅರ್ಥವೇ ಇಲ್ಲ, ದೇವರು ಆತ್ಮ ಎಲ್ಲ ಆ ಲೆಕ್ಕದಲ್ಲೇ ಹೋಗುತ್ತವೆ ಅಂತ 1936ರಲ್ಲಿ, ಇಪ್ಪತ್ತೈದನೇ ವಯಸ್ಸಿನಲ್ಲಿ, ಪುಸ್ತಕ ಬರೆದು ಗದ್ದಲ ಎಬ್ಬಿಸಿದ ಮನುಷ್ಯ. ಮಗೀ ಮೊದಲು ಆ ವಾದವನ್ನು ನಿಧಾನವಾಗಿ, ನ್ಯಾಯವಾಗಿ ವಿವರಿಸಲು ಬಿಡುತ್ತಾರೆ. ಆಮೇಲೆ ಕೇಳುತ್ತಾರೆ, ಅದರಲ್ಲಿ ದೋಷಗಳೂ ಇದ್ದಿರಬೇಕಲ್ಲ, ಈಗ ಹಿಂತಿರುಗಿ ನೋಡಿದರೆ ಮುಖ್ಯವಾದವು ಯಾವುವು ಅಂತ. ಏಯರ್ ಹೇಳಿದ್ದು: ಎಲ್ಲಕ್ಕಿಂತ ಮುಖ್ಯ ದೋಷ ಅಂದರೆ, ಅದು ಹೆಚ್ಚುಕಡಿಮೆ ಪೂರ್ತಿ ಸುಳ್ಳಾಗಿತ್ತು ಅನ್ನೋದು. ನಾಲ್ಕು ದಶಕ ತನ್ನ ಹೆಸರಿಗೆ ಅಂಟಿಕೊಂಡಿದ್ದ ವಾದದ ಬಗ್ಗೆ ಆತ ಹೀಗೆ ಅಂದದ್ದು ಟೀವಿಯಲ್ಲಿ, ನಗುನಗುತ್ತಾ. ಆ ಮಾತನ್ನು ಹೊರಗೆ ತಂದದ್ದು ಮಗೀಯ ತಯಾರಿ. ಬೈಗುಳ ಬೇಕಾಗಲಿಲ್ಲ, ಕಾಲೆಳೆಯುವುದೂ ಬೇಕಾಗಲಿಲ್ಲ.

ಹೀಗಂದರೆ ಕೆಲವರು 'ದೊಡ್ಡವರನ್ನು ಹಾಗೆಲ್ಲ ಕೇಳಬಾರದು, ಅದು ನಮ್ಮ ಸಂಸ್ಕೃತಿಯಲ್ಲ' ಅನ್ನುತ್ತಾರೆ. ಹೌದಾ? ಶೂನ್ಯಸಂಪಾದನೆ ತೆಗೆದು ನೋಡಿ. ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದಾಗ ಅಲ್ಲಮ ಸುಮ್ನೆ 'ಬಾ ತಾಯಿ' ಅನ್ನುವುದಿಲ್ಲ. ನಿನ್ನ ಗಂಡನ ಕುರುಹು ಹೇಳು ಅನ್ನುತ್ತಾನೆ. ಸೀರೆ ಬಿಟ್ಟವಳು ಕೂದಲಿಂದ ಮೈ ಮುಚ್ಚಿಕೊಂಡದ್ದು ಯಾಕೆ ಅನ್ನುತ್ತಾನೆ. ಅಕ್ಕ, ಹಣ್ಣು ಒಳಗೆ ಮಾಗದೆ ಹೊರಗಿನ ಸಿಪ್ಪೆ ಕೆಡುವುದಿಲ್ಲ, ಕಾಮನ ಮುದ್ರೆ ಕಂಡು ನಿಮಗೆ ನೋವಾದೀತು ಅಂತ ಮುಚ್ಚಿಕೊಂಡೆ ಅನ್ನುತ್ತಾಳೆ. ಕೊನೆಗೆ 'ಕಾಡದಿರಣ್ಣಾ' ಅಂತ ಕೇಳಿಕೊಳ್ಳುತ್ತಾಳೆ. ಆದರೂ ಅಲ್ಲಮ ಬಿಡುವುದಿಲ್ಲ, ಮತ್ತೆ ಕೇಳುತ್ತಾನೆ. ಇದು ಹೀಗೇ ನಡೆಯಿತು ಅಂತ ನಾನು ವಾದಿಸುತ್ತಿಲ್ಲ. ಹದಿನೈದನೇ ಶತಮಾನದಲ್ಲಿ ವಚನಗಳನ್ನು ಪೋಣಿಸಿ ಕಟ್ಟಿದ ಸಂವಾದ ಅದು. ಆದರೆ ಕಟ್ಟಿದವರಿಗೆ ಒಂದು ವಿಷಯ ಗೊತ್ತಿತ್ತು. ಅಲ್ಲಮ ಸುಲಭಕ್ಕೆ ಒಪ್ಪಿಬಿಟ್ಟಿದ್ದರೆ ಅಕ್ಕನ ಎತ್ತರ ನಮಗೆ ಕಾಣುತ್ತಲೇ ಇರಲಿಲ್ಲ.

ಪಾಡ್‌ಕಾಸ್ಟ್ ಮಾತ್ರ ಅಲ್ಲ, ನಮ್ಮ ಸಭೆಗಳ ಕಥೆಯೂ ಇದೇ ಅಲ್ವಾ. ಸ್ವಾಗತ, ಪ್ರಾಸ್ತಾವಿಕ, ಹಾರ, ಶಾಲು, ಒಂದೂವರೆ ಗಂಟೆ ಉಪನ್ಯಾಸ. ಆಮೇಲೆ 'ಸಮಯದ ಅಭಾವ ಇರೋದರಿಂದ ಎರಡೇ ಪ್ರಶ್ನೆ'. ಆ ಎರಡರಲ್ಲಿ ಒಂದು ಪ್ರಶ್ನೆಯೇ ಆಗಿರುವುದಿಲ್ಲ. ಒಬ್ಬರು ಎದ್ದು ನಿಂತು ತಮ್ಮದೇ ಇನ್ನೊಂದು ಉಪನ್ಯಾಸ ಶುರುಮಾಡಿರುತ್ತಾರೆ. ಹೆಗ್ಗೋಡಿನ ನೀನಾಸಂ ಶಿಬಿರದಂಥ ಕಡೆ ರಾತ್ರಿ ನೋಡಿದ ನಾಟಕವನ್ನು ಮರುದಿನ ಬೆಳಿಗ್ಗೆ ಕೂತು ಚರ್ಚೆ ಮಾಡುವ ರೂಢಿ ಇದೆ. ಮಾತಿಗೆ ಹಾಗೆ ಸಮಯ ಎತ್ತಿಡುವ ಜಾಗಗಳು ಕಡಿಮೆ.

ನ್ಯೂಸ್ ಚಾನೆಲ್ಲಿನ ಎಂಟು ಕಿಟಕಿಗಳ ಕಿರುಚಾಟ ಬೇಕು ಅಂತ ನಾನು ಹೇಳುತ್ತಿಲ್ಲ. ಅಲ್ಲಿ ಉತ್ತರಕ್ಕೆ ಜಾಗವಿಲ್ಲ, ಇಲ್ಲಿ ಪ್ರಶ್ನೆಗೆ ಜಾಗವಿಲ್ಲ, ಅಷ್ಟೇ ವ್ಯತ್ಯಾಸ. ಇನ್ನೊಂದು ರೋಗ, ಶಾಸನ ಓದುವ ಪಂಡಿತರನ್ನು ಕೂರಿಸಿಕೊಂಡು ಷೇರು ಮಾರುಕಟ್ಟೆ, ಎಐ, ಡೈವೋರ್ಸ್ ಎಲ್ಲದರ ಬಗ್ಗೆ ಅಭಿಪ್ರಾಯ ಕೇಳೋದು. ಪಾಪ, ಅವರೂ ಹೇಳಿಬಿಡುತ್ತಾರೆ. ಥಂಬ್‌ನೇಲ್ ಆಗೋದು ಅದೇ. ಶಾಸನದ ಮಾತು ಯಾರಿಗೂ ತಲುಪುವುದಿಲ್ಲ.

ಪಾಡ್‌ಕಾಸ್ಟ್ ಮಾಡುವ ಹುಡುಗರು ಹುಡುಗಿಯರು ಬೇಜಾರು ಮಾಡಿಕೊಳ್ಳಬೇಡಿ. ಕ್ಯಾಮೆರಾ, ಲೈಟು, ಮೈಕಿಗೆ ಅಷ್ಟು ಖರ್ಚು ಮಾಡುತ್ತೀರಿ, ಬರುವವರ ಒಂದು ಪುಸ್ತಕ ಓದಿಕೊಂಡು ಬನ್ನಿ. ಒಪ್ಪಿಗೆಯಾಗದ ಒಂದು ಪುಟದ ಮೂಲೆ ಮಡಚಿಡಿ, ಅಲ್ಲಿಂದ ಕೇಳಿ. ನಿಜವಾದ ವಿದ್ವಾಂಸರು ಅದಕ್ಕೆ ಸಿಟ್ಟಾಗುವುದಿಲ್ಲ, ತಮ್ಮನ್ನು ಯಾರೋ ಓದಿದ್ದಾರಲ್ಲ ಅಂತ ಖುಷಿಪಡುತ್ತಾರೆ. ಸಿಟ್ಟಾದರೆ ಅದನ್ನೂ ಎಡಿಟ್ ಮಾಡದೆ ಹಾಕಿ, ನಾವು ನೋಡುತ್ತೇವೆ.

ಎರಡನೇ ಪ್ರಶ್ನೆ ಕೇಳಿದ ಕನ್ನಡ ಸಂದರ್ಶನ ನಿಮ್ಮ ಕಣ್ಣಿಗೆ ಬಿದ್ದಿದ್ದರೆ ಕೆಳಗೆ ಲಿಂಕ್ ಹಾಕಿ. ಮೂರು ಗಂಟೆ ಇದ್ದರೂ ಪರವಾಗಿಲ್ಲ. ರೀಲ್ಸ್ ಮಾತ್ರ ಬೇಡ.