ಸ್ವಲ್ಪ ಹಿಂದಿನ ಸ್ಲೈಡ್‌ಗೆ ಹೋಗ್ತೀರಾ?

ಮಾಡಿದ್ದುಣ್ಣೋ ಮಹಾರಾಯ ಅಂತಾರೆ. ಸರಿ, ಒಪ್ಪೋಣ. ಆದರೆ ಬೇರೆ ಯಾರೋ ಮಾಡಿದ್ದನ್ನು ನಾನ್ಯಾಕೆ ಉಣ್ಣಬೇಕು? ನಿನ್ನೆಯಿಂದ ಇದೇ ಪ್ರಶ್ನೆ ತಲೆ ಕೊರೆಯುತ್ತಿದೆ. ನಾನು ನಿನ್ನೆ ವಿವರಿಸಿದ ಸಂಶೋಧನಾ ಪೇಪರ್ ಬರೆದವರು ಕಂಪ್ಯೂಟರ್ ವಿಜ್ಞಾನಿ ಲೆಸ್ಲಿ ಲ್ಯಾಂಪೋರ್ಟ್. ಬರೆದದ್ದು 2001ರಲ್ಲಿ. ಅದರಲ್ಲಿ ಒಂದು ಅಲ್ಪವಿರಾಮ ಕೂಡ ನನ್ನದಲ್ಲ. ಆದರೂ ಅದನ್ನು ವಿವರಿಸಲು ನಾನು ಎದ್ದು ನಿಂತ ಮೇಲೆ ಪ್ರಶ್ನೆಗಳೆಲ್ಲ ನನಗೇ. "ನೀವು ಈ ವಿಧಾನವನ್ನೇ ಯಾಕೆ ಆರಿಸಿಕೊಂಡ್ರಿ?" "ನಿಮ್ಮ ವಾದ ಇಲ್ಲಿ ಸ್ವಲ್ಪ ಸಡಿಲ ಇದೆಯಲ್ಲ?" ನನ್ನ ವಾದವಂತೆ! ನಾನು ಓದಿದ್ದಷ್ಟೇ. ಪೂರ್ತಿ ಅರ್ಥ ಆಗಿದೆ ಅಂತ ಕೂಡ ಎಲ್ಲೂ ಹೇಳಿಲ್ಲ.

ಕಂಪ್ಯೂಟರ್ ಸೈನ್ಸ್ ಪೇಪರ್‌ಗಳ ಸಹವಾಸ ಇರುವವರಿಗೆ ಈ ಪಾಡು ಗೊತ್ತೇ ಇರುತ್ತದೆ. ವಾರಕ್ಕೊಮ್ಮೆ ಗುಂಪು ಸೇರುವುದು. ಸರದಿಯ ಪ್ರಕಾರ ಒಬ್ಬರು ಒಂದು ಪೇಪರ್ ಓದಿ, ಒಂದು ಪುಟದ ಸಾರಾಂಶ ಮೊದಲೇ ಕಳಿಸಿ, ಆಮೇಲೆ ಸ್ಲೈಡ್ ಹಾಕಿ ವಿವರಿಸುವುದು. ಉಳಿದವರೂ ಪೇಪರ್ ಓದಿಕೊಂಡು ಬರಬೇಕು ಅನ್ನುವುದು ನಿಯಮ. ಯಾರೂ ಓದಿರುವುದಿಲ್ಲ ಅನ್ನುವುದು ವಾಸ್ತವ. ಅಪ್ಪಿತಪ್ಪಿ ಓದಿದವರು ಸುಮ್ಮನೆ ಕೂತಿರುತ್ತಾರೆ. ಪ್ರಶ್ನೆಗಳೆಲ್ಲ ಓದದವರ ಹತ್ತಿರವೇ ಜಾಸ್ತಿ.

ಈ ಸಲ ನನ್ನ ಪಾಲಿಗೆ ಬಂದದ್ದು ಪ್ಯಾಕ್ಸೊಸ್. ಗೊತ್ತಿಲ್ಲದವರಿಗೆ ಎರಡು ಮಾತು. ಹಲವು ಕಂಪ್ಯೂಟರ್‌ಗಳು ಸೇರಿ ಒಂದೇ ಒಂದು ಮಾತಿಗೆ ಒಪ್ಪಬೇಕು. ನಡುವೆ ಒಂದೆರಡು ಕೆಟ್ಟು ಕೂರಬಹುದು. ಸಂದೇಶ ತಡವಾಗಬಹುದು, ಕಳೆದೇ ಹೋಗಬಹುದು. ಆದರೂ ಒಮ್ಮೆ ತೀರ್ಮಾನವಾದದ್ದು ಮತ್ತೆ ಬದಲಾಗಬಾರದು. ಇದಕ್ಕೆ ಲ್ಯಾಂಪೋರ್ಟ್ ಕೊಟ್ಟ ಉಪಾಯವೇ, ಅಂದರೆ ಅಲ್ಗಾರಿದಮ್ಮೇ, ಪ್ಯಾಕ್ಸೊಸ್. 2001ರ ಪೇಪರಿನ ಶುರುವಿನ ಸಾರಾಂಶ, ಅಂದರೆ ಅಬ್‌ಸ್ಟ್ರಾಕ್ಟ್ ಒಂದೇ ಒಂದು ವಾಕ್ಯ: ಪ್ಯಾಕ್ಸೊಸ್ ಅಲ್ಗಾರಿದಮ್ಮನ್ನು ಸರಳವಾದ ಇಂಗ್ಲಿಷಿನಲ್ಲಿ ಹೇಳಿದರೆ ಅದು ತುಂಬಾ ಸುಲಭ. ಅಷ್ಟೇ. ಆ ವಾಕ್ಯ ಓದಿ ನಂಬಿದೆ. ನೀವಾಗಿದ್ದರೂ ನಂಬುತ್ತಿದ್ದಿರಿ.

ಓದಲು ಕೂತೆ. ಮೊದಲೆರಡು ಪುಟ ಸಲೀಸು. ಆಮೇಲೆ ನಿಯಮಗಳು ಶುರು. ಒಂದು ಮೌಲ್ಯಕ್ಕೆ ಒಂದು ನಂಬರ್ ಹಚ್ಚಿ ಮುಂದಿಟ್ಟರೆ ಅದು ಪ್ರಸ್ತಾಪ, ಬಹುಮತ ಒಪ್ಪಿದರೆ ಅದು ಆಯ್ಕೆ. ಪಿ2 ಅಂತ ಒಂದು ನಿಯಮ: ಒಂದು ಮೌಲ್ಯ ಆಯ್ಕೆಯಾದರೆ, ಅದಕ್ಕಿಂತ ದೊಡ್ಡ ನಂಬರಿನ ಯಾವ ಪ್ರಸ್ತಾಪ ಆಯ್ಕೆಯಾದರೂ ಅದರಲ್ಲಿ ಅದೇ ಮೌಲ್ಯ ಇರಬೇಕು. ಸರಿ, ತಲೆದೂಗಿದೆ. ಅದನ್ನು ಇನ್ನೂ ಬಿಗಿ ಮಾಡಿ ಪಿ2ಎ. ವಾಕ್ಯ ಅದೇ, "ಯಾವ ಪ್ರಸ್ತಾಪ ಆಯ್ಕೆಯಾದರೂ" ಅನ್ನುವಲ್ಲಿ "ಯಾವ ಪ್ರಸ್ತಾಪಕ್ಕೆ ಯಾರೇ ಒಪ್ಪಿದರೂ" ಅಂತಾಯಿತು. ಅದನ್ನೂ ಬಿಗಿ ಮಾಡಿ ಪಿ2ಬಿ. ಈಗ "ಯಾವ ಪ್ರಸ್ತಾಪವನ್ನು ಯಾರೇ ಮುಂದಿಟ್ಟರೂ". ಮೂರು ವಾಕ್ಯಗಳು ತ್ರಿವಳಿ ಮಕ್ಕಳ ಹಾಗೆ ಒಂದರ ಪಕ್ಕ ಒಂದು ನಿಂತಿವೆ. ಯಾವುದು ಯಾವುದು ಅಂತ ಹೆತ್ತವರಿಗೆ ಮಾತ್ರ ಗೊತ್ತು. ಪಿ2ಸಿಗೆ ಬರುವಷ್ಟರಲ್ಲಿ ಪಿ1 ಏನಿತ್ತು ಅನ್ನುವುದೇ ಮರೆತುಹೋಗಿ, ಒಂದು ಬೆರಳು ಹಿಂದಿನ ಪುಟದಲ್ಲಿ, ಇನ್ನೊಂದು ಬೆರಳು ಈ ಪುಟದಲ್ಲಿ, ಪೆನ್ನು ಬಾಯಲ್ಲಿ.

ಪೇಪರ್ ಓದುವುದು ಹೇಗೆ ಅಂತ ಹೇಳುವುದಕ್ಕೂ ಒಂದು ಪೇಪರ್ ಇದೆ. ಎಸ್. ಕೇಶವ್ ಅವರದು, 2007ರದು. ಮೂರು ಸುತ್ತು ಓದಬೇಕು ಅನ್ನುತ್ತಾರೆ. ಮೊದಲ ಸುತ್ತು ಐದರಿಂದ ಹತ್ತು ನಿಮಿಷ: ಶೀರ್ಷಿಕೆ, ಅಬ್‌ಸ್ಟ್ರಾಕ್ಟ್, ಪೀಠಿಕೆ, ಉಪಶೀರ್ಷಿಕೆಗಳು, ಕೊನೆಯ ಮಾತು. ಎರಡನೇ ಸುತ್ತು ಸುಮಾರು ಒಂದು ಗಂಟೆ: ಚಿತ್ರ, ಗ್ರಾಫ್ ಎಲ್ಲ ನೋಡಿಕೊಂಡು, ಗಣಿತದ ಪ್ರೂಫ್ ಥರದ ವಿವರಗಳನ್ನು ಬದಿಗಿಟ್ಟು. ಮೂರನೆಯದು ಪೇಪರನ್ನು ನಾವೇ ಹೊಸದಾಗಿ ಬರೆಯುತ್ತಿದ್ದೇವೆ ಅನ್ನುವ ಹಾಗೆ. ನಿಜಕ್ಕೂ ಒಳ್ಳೆಯ ಸಲಹೆ, ನಾನು ಈಗಲೂ ಹಾಗೇ ಓದುವುದು. ಆದರೆ ನನಗೆ ಮನಸ್ಸಿಗೆ ಹತ್ತಿರವಾದ ಮಾತು ಎರಡನೇ ಸುತ್ತಿನ ಕೊನೆಯಲ್ಲಿದೆ. ಇಷ್ಟಾದರೂ ಅರ್ಥವಾಗದಿದ್ದರೆ ಏನು ಮಾಡಬಹುದು ಅಂತ ಮೂರು ದಾರಿ ಕೊಟ್ಟಿದ್ದಾರೆ. ಅದರಲ್ಲಿ ಮೊದಲನೆಯದು: ಪೇಪರನ್ನು ಪಕ್ಕಕ್ಕಿಡಿ, ಮುಂದೆ ಜೀವನದಲ್ಲಿ ಇದು ಬೇಕಾಗದಿರಲಿ ಅಂತ ಹಾರೈಸಿ. ಇಂಥ ಕರುಣೆ ಇರುವ ಲೇಖಕರು ಅಪರೂಪ. ಆದರೆ ಸರದಿ ಪಟ್ಟಿಯಲ್ಲಿ ಹೆಸರು ಬಂದವರಿಗೆ ಆ ದಾರಿ ಮುಚ್ಚಿರುತ್ತದೆ.

ಪ್ಯಾಕ್ಸೊಸ್ ಎಲ್ಲರಿಗೂ ಕಬ್ಬಿಣದ ಕಡಲೆಯೇ ಅನ್ನುವುದು ಸ್ವಲ್ಪ ಸಮಾಧಾನ. 2014ರಲ್ಲಿ ಒಂಗಾರೊ ಮತ್ತು ಔಸ್ಟರ್‌ಹೌಟ್ ಅನ್ನುವವರು ರಾಫ್ಟ್ ಅಂತ ಇನ್ನೊಂದು ಅಲ್ಗಾರಿದಮ್ ತಂದರು. ಸುಲಭವಾಗಿ ಅರ್ಥವಾಗಬೇಕು ಅನ್ನುವುದೇ ಅದರ ಗುರಿ. 43 ವಿದ್ಯಾರ್ಥಿಗಳಿಗೆ ಎರಡನ್ನೂ ಕಲಿಸಿ ಪರೀಕ್ಷೆ ಕೊಟ್ಟರು. 33 ಮಂದಿಗೆ ರಾಫ್ಟ್ ಪ್ರಶ್ನೆಗಳಲ್ಲೇ ಹೆಚ್ಚು ಅಂಕ ಬಂತು. ನನಗೆ ಕುತೂಹಲ ಉಳಿದ ಹತ್ತು ಮಂದಿಯ ಮೇಲೆ.

ಸಾರಾಂಶದ ಕಥೆ ಬೇರೆ. ಒಂದು ಪುಟ ಅಂದರೆ ಕಡಿಮೆ ಕೆಲಸ ಅಂದುಕೊಳ್ಳುತ್ತೇವೆ, ಅಲ್ವಾ? ಬರೆಯುತ್ತಾ ಹೋದರೆ ಯಾವುದನ್ನೂ ಬಿಡಲು ಮನಸ್ಸಾಗುವುದಿಲ್ಲ. ಯಾವುದು ಮುಖ್ಯ ಅಂತ ಗೊತ್ತಿಲ್ಲದಿದ್ದಾಗ ಎಲ್ಲವೂ ಮುಖ್ಯವೇ. ಈಗ ಎಐ ಇದೆಯಲ್ಲ ಅನ್ನಬಹುದು. ಇದೆ. ಕೊಟ್ಟು ನೋಡಿದೆ. "ಈ ಪ್ರಬಂಧವು ಒಂದು ಮಹತ್ವದ ಸಮಸ್ಯೆಗೆ ಪರಿಣಾಮಕಾರಿ ಪರಿಹಾರ ನೀಡುತ್ತದೆ" ಅಂತ ಶುರು ಮಾಡಿತು. ಆ ವಾಕ್ಯವನ್ನು ಯಾವ ಪೇಪರಿನ ಮೇಲೆ ಅಂಟಿಸಿದರೂ ಕೂರುತ್ತದೆ. ಕೊನೆಗೆ ನಾನೇ ಬರೆದು ಕಳಿಸಿದೆ. ಸಮಸ್ಯೆ ಏನು, ಉಪಾಯ ಏನು, ಅದು ಯಾಕೆ ಸರಿ, ಎಲ್ಲಿ ಕುಂಟುತ್ತದೆ, ಆ ಹೆಸರು ಎಲ್ಲಿಂದ ಬಂತು. ಹೆಸರಿನ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ನಿನ್ನೆಯ ವಿಷಯಕ್ಕೆ ಬರುತ್ತೇನೆ. ನಮ್ಮ ಗುಂಪಿನಲ್ಲಿ ಒಬ್ಬ ಸರ್ ಇದ್ದಾರೆ. ಒಳ್ಳೆಯವರು, ಮೃದು ಮಾತು. ಅವರ ಬೆನ್ನ ಹಿಂದೆ ನಾವೆಲ್ಲ ಅವರನ್ನು "ಹಿಂದೆ ಹೋಗಿ ಸರ್" ಅನ್ನುತ್ತೇವೆ. ಅವರು ಬಂದು ಮೂಲೆಯ ಕುರ್ಚಿ ಹಿಡಿದು, ಲ್ಯಾಪ್‌ಟಾಪ್ ತೆರೆದು, ಮೇಲ್ ನೋಡಲು ಶುರು ಮಾಡುತ್ತಾರೆ. ಮೊದಲ ನಾಲ್ಕೈದು ಸ್ಲೈಡ್ ಅವರ ಕಿವಿ ಮೇಲೆ ಹಾದು ಹೋಗುತ್ತವೆ. ಆಮೇಲೆ ಎಲ್ಲೋ ಒಂದು ಕಡೆ, ನಾವು ಹದವಾಗಿ ವಿಷಯಕ್ಕೆ ಇಳಿದ ಹೊತ್ತಿಗೆ ಸರಿಯಾಗಿ, ಕನ್ನಡಕ ಹಣೆಗೇರುತ್ತದೆ. ಲ್ಯಾಪ್‌ಟಾಪ್ ಅರ್ಧ ಮುಚ್ಚಿಕೊಳ್ಳುತ್ತದೆ. "ಒಂದ್ನಿಮಿಷ. ಸ್ವಲ್ಪ ಹಿಂದಿನ ಸ್ಲೈಡ್‌ಗೆ ಹೋಗ್ತೀರಾ?"

ಎಷ್ಟು ವಿನಯದಿಂದ ಕೇಳುತ್ತಾರೆ ಅಂದರೆ ಇಲ್ಲ ಅನ್ನಲು ಬಾಯಿ ಬರುವುದಿಲ್ಲ. ಯಾವ ಸ್ಲೈಡ್ ಅಂತ ಮಾತ್ರ ಹೇಳುವುದಿಲ್ಲ. "ಆ ನೀಲಿ ಡಬ್ಬ ಇತ್ತಲ್ಲ, ಅದು." ನನ್ನ ಎಲ್ಲ ಸ್ಲೈಡ್‌ಗಳಲ್ಲೂ ನೀಲಿ ಡಬ್ಬ ಇದೆ. ಡಬ್ಬ ಅಂದರೆ ಕಂಪ್ಯೂಟರ್. ಕಂಪ್ಯೂಟರ್‌ಗಳು ಒಪ್ಪಂದ ಮಾಡಿಕೊಳ್ಳುವ ವಿಷಯದಲ್ಲಿ ಡಬ್ಬಗಳಲ್ಲದೆ ಇನ್ನೇನು ಬರೆಯಲಿ?

ನಿನ್ನೆ ಆರನೇ ಸ್ಲೈಡಿನಲ್ಲಿದ್ದೆ. ನಾಲ್ಕು, ಐದನೇ ಸ್ಲೈಡ್‌ಗಳ ಮೇಲೆ ನನಗೆ ತುಂಬಾ ಹೆಮ್ಮೆ. ಎಡಗಡೆ ಪ್ರಸ್ತಾಪ ಮಾಡುವವನು, ಬಲಗಡೆ ಒಪ್ಪುವ ಐದು ಡಬ್ಬಗಳು. ಮೊದಲು ಇವನಿಂದ ಒಂದು ನಂಬರ್ ಹೋಗುತ್ತದೆ. ಆಮೇಲೆ ಅವರಿಂದ ಮಾತು ಬರುತ್ತದೆ: "ಇನ್ನು ಇದಕ್ಕಿಂತ ಚಿಕ್ಕ ನಂಬರಿಗೆ ಒಪ್ಪುವುದಿಲ್ಲ." ಆಮೇಲೆ ಇವನಿಂದ ಮೌಲ್ಯ, ಅವರಿಂದ ಒಪ್ಪಿಗೆ. ಒಂದೊಂದು ಬಾಣಕ್ಕೂ ಒಂದೊಂದು ಕ್ಲಿಕ್. ಮುಂದಕ್ಕೆ ಹೋಗುವಾಗ ನೋಡಲು ಚಂದ.

ಹಿಂದಕ್ಕೆ ಹೋಗುವಾಗ ಅದೇ ಬಾಣಗಳು ಒಂದೊಂದಾಗಿ ಅಳಿಯುತ್ತವೆ. ಕ್ಲಿಕ್, ಒಂದು ಒಪ್ಪಿಗೆ ಹೋಯಿತು. ಕ್ಲಿಕ್, ಇನ್ನೊಂದು ಹೋಯಿತು. ಕೋಣೆಯಲ್ಲಿ ಯಾರೂ ಮಾತಾಡುತ್ತಿಲ್ಲ. ಎಲ್ಲರೂ ತೆರೆ ನೋಡುತ್ತಿದ್ದಾರೆ. ಕ್ಲಿಕ್, ಕ್ಲಿಕ್. ಕೊಟ್ಟ ಮಾತಿಗೆ ಯಾರೂ ತಪ್ಪಬಾರದು, ತಪ್ಪಿದರೆ ಇಡೀ ಪ್ಯಾಕ್ಸೊಸ್ ಬಿದ್ದುಹೋಗುತ್ತದೆ ಅಂತ ಅದೇ ತಾನೇ ಗಂಟಲು ಹರಿದುಕೊಂಡು ಹೇಳಿದ್ದೆ. ಈಗ ನನ್ನ ಐದೂ ಡಬ್ಬಗಳು ಕೊಟ್ಟ ಮಾತನ್ನು ಸಾಲಾಗಿ, ಸಾವಧಾನವಾಗಿ, ಎಲ್ಲರ ಕಣ್ಣೆದುರೇ ವಾಪಸ್ ತೆಗೆದುಕೊಳ್ಳುತ್ತಿದ್ದವು.

"ಇದಾ ಸರ್?"

"ಅಲ್ಲ, ಇದಕ್ಕೂ ಹಿಂದಿನದು."

ಮೂರು. "ಇದಾ?" "ಇನ್ನೂ ಸ್ವಲ್ಪ." ಎರಡು. ಕೊನೆಗೆ ಒಂದು. ಶೀರ್ಷಿಕೆಯ ಸ್ಲೈಡ್. ಅಲ್ಲೂ ಅಲಂಕಾರಕ್ಕೆ ಅಂತ ಮೂಲೆಯಲ್ಲಿ ಒಂದು ನೀಲಿ ಡಬ್ಬ ಇಟ್ಟಿದ್ದೆ.

"ಹ್ಞಾಂ, ಇದೇ. ಈ ಪ್ಯಾಕ್ಸೊಸ್ ಅಂದ್ರೇನು?"

ಅದು ಗ್ರೀಸಿನ ಒಂದು ದ್ವೀಪ ಸರ್. ಸಾರಾಂಶದಲ್ಲಿ ಬರೆದಿತ್ತು ಸರ್. ಕೊನೆಯ ವಾಕ್ಯ ಸರ್.

ಅಷ್ಟರಲ್ಲಿ ಮುಂದಿನ ಸಾಲಿನ ಹುಡುಗಿ, ಈ ಗುಂಪಿನಲ್ಲಿ ಪೇಪರ್ ಓದಿಕೊಂಡು ಬರುವ ಏಕೈಕ ಜೀವಿ, "ನಾವು ಆರರಲ್ಲಿ ಇದ್ವಲ್ಲ, ಅಲ್ಲೊಂದು ಡೌಟು" ಅಂದಳು. ಕ್ಲಿಕ್ ಮಾಡುತ್ತಾ ಮುಂದೆ ಹೊರಟೆ. ನಾಲ್ಕಕ್ಕೆ ಬಂದು ಬಾಣಗಳು ಅರ್ಧ ಮೂಡುವಷ್ಟರಲ್ಲಿ ಸರ್, "ಹಾಗಾದ್ರೆ ಎರಡನೇ ಸ್ಲೈಡಲ್ಲಿ ಬರೆದದ್ದು?" ಅಂದರು. ಹಿಂದೆ ಹೋದೆ. ಹುಡುಗಿ, "ಆರು?" ಅಂದಳು. ಮುಂದೆ ಬಂದೆ. ಸರ್, "ಒಂದೇ ಒಂದ್ನಿಮಿಷ" ಅಂದರು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಇದು ನಡೆದೇ ಇತ್ತು.

ತಮಾಷೆ ಏನು ಗೊತ್ತಾ? ಇದೇ ಪರಿಸ್ಥಿತಿ ಪೇಪರಿನಲ್ಲೇ ಇದೆ. ಇಬ್ಬರು ಪ್ರಸ್ತಾಪ ಮಾಡುವವರಿದ್ದು, ಒಬ್ಬರ ನಂಬರಿಗಿಂತ ಇನ್ನೊಬ್ಬರು ದೊಡ್ಡ ನಂಬರ್ ಹಾಕುತ್ತಾ ಹೋದರೆ ಯಾವುದೂ ತೀರ್ಮಾನವಾಗುವುದಿಲ್ಲ. ಒಬ್ಬ ನಾಯಕನನ್ನು ಆರಿಸಿಕೊಂಡು ಅವನೊಬ್ಬನೇ ಪ್ರಸ್ತಾಪ ಮಾಡಲಿ ಅನ್ನುತ್ತಾರೆ ಲ್ಯಾಂಪೋರ್ಟ್. ನಾಯಕನನ್ನು ಆರಿಸುವುದೂ ಹಗುರವಲ್ಲ, ಅದಕ್ಕೆ ಗಡಿಯಾರವನ್ನೋ ಅದೃಷ್ಟವನ್ನೋ ನೆಚ್ಚಿಕೊಳ್ಳಲೇಬೇಕು. ಸಮಯದ ಕಟ್ಟುಪಾಡೇ ಇಲ್ಲದ ವ್ಯವಸ್ಥೆಯಲ್ಲಿ, ಒಂದೇ ಒಂದು ಕಂಪ್ಯೂಟರ್ ಕೈಕೊಡುವ ಸಾಧ್ಯತೆ ಇದ್ದರೂ, ಒಮ್ಮತ ಆಗಿಯೇ ತೀರುತ್ತದೆ ಅಂತ ಯಾವ ನಿಗದಿತ ವಿಧಾನವೂ ಭರವಸೆ ಕೊಡಲಾರದು ಅಂತ 1985ರಲ್ಲೇ ಫಿಷರ್, ಲಿಂಚ್, ಪ್ಯಾಟರ್ಸನ್ ಸಾಧಿಸಿ ತೋರಿಸಿದ್ದಾರೆ. ಅವರು ನಮ್ಮ ಗುಂಪಿಗೆ ಬಂದವರಲ್ಲ. ಬಂದಿದ್ದರೆ ಆ ಸಾಧನೆ ಇನ್ನೂ ಬೇಗ ಹೊಳೆಯುತ್ತಿತ್ತು.

ಲ್ಯಾಂಪೋರ್ಟ್ ಅವರಿಗೂ ಸುಖವಿರಲಿಲ್ಲ ಬಿಡಿ. ಈ ಅಲ್ಗಾರಿದಮ್ಮನ್ನು ಅವರು ಮೊದಲು ಬರೆದದ್ದು ಹಳೆಯ ಪ್ಯಾಕ್ಸೊಸ್ ದ್ವೀಪದ ಸಂಸತ್ತಿನ ಕಟ್ಟುಕಥೆಯಾಗಿ. ಸದಸ್ಯರು ಆಗಾಗ ಎದ್ದು ಹೊರಗೆ ಹೋಗುತ್ತಾರೆ, ಆದರೂ ಕಾನೂನು ಪಾಸಾಗಬೇಕು. 1990ರಲ್ಲಿ ಸಂಶೋಧನಾ ಪತ್ರಿಕೆಗೆ ಕಳಿಸಿದರು. ಪರಿಶೀಲಿಸಿದವರು ಆ ದ್ವೀಪದ ಕಥೆಯನ್ನೆಲ್ಲ ತೆಗೆಯಿರಿ ಅಂದರು. ಇವರಿಗೆ ಸಿಟ್ಟು ಬಂತು, ಪೇಪರ್ ಹಾಗೇ ಇಟ್ಟುಬಿಟ್ಟರು. ಕೊನೆಗೆ ಅಚ್ಚಾದದ್ದು 1998ರಲ್ಲಿ. ಇದರ ಬಗ್ಗೆ ಕೆಲವು ಕಡೆ ಅವರು ಸಿನಿಮಾದ ಸಾಹಸಿ ಪುರಾತತ್ವಜ್ಞನ ವೇಷದಲ್ಲಿ, ಹ್ಯಾಟು ಹಾಕಿಕೊಂಡು ಭಾಷಣವನ್ನೂ ಕೊಟ್ಟರು. ಕೇಳಿದವರಿಗೆ ವೇಷ ನೆನಪುಳಿಯಿತು, ಅಲ್ಗಾರಿದಮ್ ಉಳಿಯಲಿಲ್ಲ ಅಂತ ಅವರೇ ಹೇಳಿಕೊಂಡಿದ್ದಾರೆ. ಮುಂದೆ ಕಂಪ್ಯೂಟರ್ ಸೈನ್ಸಿನ ಅತಿ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಪಡೆದವರ ಕಥೆಯೇ ಹೀಗಾದರೆ ನನ್ನ ಬಾಣಗಳು ಯಾವ ಲೆಕ್ಕ?

ಒಂದು ಬೇಸರ ಮಾತ್ರ ಹೋಗುತ್ತಿಲ್ಲ. ಒಂಬತ್ತನೇ ಸ್ಲೈಡ್ ತೋರಿಸಲು ಆಗಲೇ ಇಲ್ಲ. ಅದರಲ್ಲಿ ಬಾಣವೇ ಇರಲಿಲ್ಲ. ಐದು ಡಬ್ಬಗಳ ಮೇಲೆ ಎರಡು ವೃತ್ತ, ಅಷ್ಟೇ. ಐವರಲ್ಲಿ ಮೂವರು ಅಂದರೆ ಬಹುಮತ. ಯಾವ ಮೂವರನ್ನು ಬೇಕಾದರೂ ಆರಿಸಿ. ಮತ್ತೊಮ್ಮೆ ಯಾವ ಮೂವರನ್ನು ಬೇಕಾದರೂ ಆರಿಸಿ. ಎರಡೂ ಕಡೆ ಇರುವವನು ಒಬ್ಬನಾದರೂ ಇದ್ದೇ ಇರುತ್ತಾನೆ. ಹಿಂದೆ ತಾನು ಯಾವುದಕ್ಕೆ ಒಪ್ಪಿದ್ದೆ ಅಂತ ಅವನಿಗೆ ಗೊತ್ತಿರುತ್ತದೆ. ಉಳಿದವರೆಲ್ಲ ಬದಲಾದರೂ ಅವನೊಬ್ಬನ ನೆನಪಿನಿಂದ ಹಳೆಯ ಮಾತು ಉಳಿಯುತ್ತದೆ. ಪಿ2ಎ, ಪಿ2ಬಿ, ಪಿ2ಸಿ ಎಲ್ಲ ನಿಂತಿರುವುದು ಇದರ ಮೇಲೆ. ಮನೆಯವರೆಲ್ಲ ಮಲಗಿದ ಮೇಲೆ ಇದು ಹೊಳೆದಾಗ ಯಾರನ್ನಾದರೂ ಎಬ್ಬಿಸಿ ಹೇಳಬೇಕು ಅನ್ನಿಸಿತ್ತು. ಎಬ್ಬಿಸಲಿಲ್ಲ. ಹೇಗೂ ಗುಂಪಿನಲ್ಲಿ ಹೇಳುತ್ತೇನಲ್ಲ ಅಂದುಕೊಂಡು ಮಲಗಿದೆ. ಎಂಟನೇ ಸ್ಲೈಡಿಗೇ ಮುಂದಿನ ಮೀಟಿಂಗಿನವರು ಬಂದು ಬಾಗಿಲು ತಟ್ಟಿದರು.

ಇವತ್ತು ಬೆಳಿಗ್ಗೆ ಸರ್ ಮೇಲ್ ಕಳಿಸಿದ್ದರು. ತುಂಬಾ ಚೆನ್ನಾಗಿತ್ತು, ಆನಿಮೇಷನ್ ಇಲ್ಲದ ಪಿಡಿಎಫ್ ಕಳಿಸಿ, ನಿಧಾನವಾಗಿ ಓದಬೇಕು ಅಂತ. ಕಳಿಸಿದೆ. ಪಿಡಿಎಫ್ ಮಾಡಿದಾಗ ಬಾಣಗಳು ಒಂದರ ನಂತರ ಒಂದು ಬರುವುದಿಲ್ಲ, ಎಲ್ಲವೂ ಒಂದರ ಮೇಲೊಂದು ಬಿದ್ದುಕೊಂಡಿರುತ್ತವೆ. ಅರ್ಧ ಗಂಟೆಯಲ್ಲಿ ಉತ್ತರ ಬಂತು. ನಾಲ್ಕನೇ ಪುಟದಲ್ಲಿ ಯಾವ ಬಾಣ ಮೊದಲು, ಯಾವುದು ಆಮೇಲೆ ಅಂತ ಗೊತ್ತಾಗುತ್ತಿಲ್ಲವಂತೆ. ಮುಂದಿನ ವಾರ ಹತ್ತು ನಿಮಿಷ ತೆಗೆದುಕೊಂಡು ಅದೊಂದು ಸ್ಲೈಡನ್ನು ಮತ್ತೆ ತೋರಿಸಬಹುದಾ ಅಂತ ಕೇಳಿದ್ದಾರೆ.

ಹತ್ತು ನಿಮಿಷವಂತೆ. ಒಂಬತ್ತನೇ ಸ್ಲೈಡನ್ನು ತಂದು ನಾಲ್ಕರ ಮುಂದೆ ಹಾಕಿದ್ದೇನೆ. ಹಿಂದೆ ಹೋಗಿ ಅಂದರೆ ಅದೇ ಬರಲಿ.