ಅರ್ಧಾಣೆಗೆ ಜಿಪುಣತನ ಮಾಡಬೇಡ

ಎರಡು ತಿಂಗಳ ಹಿಂದೆ ವಾಟ್ಸಾಪ್‌ನಲ್ಲಿ ಉರ್ದು ಕವಿ ಗಾಲಿಬ್ ಹೆಸರಲ್ಲಿ ಒಂದು ಶಾಯರಿ ಬಂತು. ಗುಲಾಬಿ ಹೂವಿನ ಚಿತ್ರ, ಕೆಳಗೆ ಎರಡು ಸಾಲು. ನಮ್ಮ ಬೀದಿಯಲ್ಲಿ ನಿವೃತ್ತ ಉರ್ದು ಮೇಷ್ಟ್ರೊಬ್ಬರಿದ್ದಾರೆ. ಅವರಿಗೆ ತೋರಿಸಿದೆ. ಕನ್ನಡಕ ಮೇಲೆ ಮಾಡಿ ನೋಡಿ, "ಪಾಪ, ಸತ್ತ ಮೇಲೂ ಗಾಲಿಬ್ ಸಾಹೇಬರ ಸಾಲ ತೀರಲಿಲ್ಲ. ಊರಿನವರ ಬಾಕಿಯೆಲ್ಲ ಅವರ ಲೆಕ್ಕಕ್ಕೇ ಬರೀತಾರೆ" ಅಂದರು. ಆಮೇಲೆ ಒಳಗೆ ಹೋಗಿ ನಾಗರಿ ಲಿಪಿಯ ಒಂದು ಹಳೇ ಪುಸ್ತಕ ತಂದರು. "ಶಾಯರಿ ಆಮೇಲೆ ನೋಡೋಣ ಸ್ವಾಮಿ, ಮೊದಲು ಅವರ ಕಾಗದ ಓದಿ."

ಅವತ್ತಿನಿಂದ ಓದುತ್ತಿದ್ದೇನೆ. ಅರ್ಥವಾಗದ ಕಡೆ ಪೆನ್ಸಿಲ್ ಗುರುತು ಹಾಕಿಕೊಂಡು ಸಂಜೆ ಮೇಷ್ಟ್ರ ಜಗಲಿಗೆ ಹೋಗುತ್ತೇನೆ. ಈಗ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ, ಉರ್ದು ಬಲ್ಲ ಗೆಳೆಯರು ಬೈದರೂ ಪರವಾಗಿಲ್ಲ. ಮುದುಕ ಗಾಲಿಬ್‌ನ ಕಾಗದಗಳು ಅವನ ಘಜಲುಗಳಿಗಿಂತ ಒಂದು ಕೈ ಮೇಲು. ಘಜಲಿನ ಗಾಲಿಬ್ ಕಷ್ಟದ ಆಸಾಮಿ, ಒಂದು ಸಾಲಿಗೆ ನಾಲ್ಕು ಗಂಟು ಹಾಕಿ ಕೊಡುತ್ತಾನೆ. ಕಾಗದದ ಗಾಲಿಬ್ ಪಕ್ಕದಲ್ಲೇ ಕೂತು ಮಾತಾಡುತ್ತಾನೆ. (ಏಕವಚನಕ್ಕೆ ಕ್ಷಮೆ ಇರಲಿ. ಸಲುಗೆ ಬೆಳೆದುಬಿಟ್ಟಿದೆ.)

ಹಿನ್ನೆಲೆ ಜಾಸ್ತಿ ಹೇಳಲ್ಲ. ಹುಟ್ಟಿದ್ದು 1797ರಲ್ಲಿ ಆಗ್ರಾದಲ್ಲಿ. ಬಾಳಿದ್ದು ದಿಲ್ಲಿಯಲ್ಲಿ. ಚಿಕ್ಕಪ್ಪನ ಕಡೆಯಿಂದ ಬಂದ ಪಿಂಚಣಿಯ ಪಾಲು ವರ್ಷಕ್ಕೆ 750 ರೂಪಾಯಿ, ಅಂದರೆ ತಿಂಗಳಿಗೆ ಅರವತ್ತೆರಡೂವರೆ. ಅದು ಇನ್ನೂ ಜಾಸ್ತಿ ಬರಬೇಕಿತ್ತು ಅಂತ ಕಲ್ಕತ್ತದವರೆಗೆ ಹೋಗಿ ಬಡಿದಾಡಿ ಸೋತು ಬಂದ. 1847ರಲ್ಲಿ ಮನೆಯಲ್ಲಿ ಜೂಜಾಡಿಸಿದ್ದಕ್ಕೆ ಜೈಲಿಗೂ ಹೋದ. 1854ರಲ್ಲಿ ಕೊನೆಯ ಮೊಗಲ್ ಬಾದಶಹ ಜಫರ್‌ನ ಕಾವ್ಯಗುರು ಆದ. ಮೂರೇ ವರ್ಷ. 1857ರ ದಂಗೆ ಬಂತು, ಬಾದಶಹ ಹೋದ, ಆಸ್ಥಾನ ಹೋಯಿತು, ಪಿಂಚಣಿಯೂ ನಿಂತಿತು. ನಾನು ಹೇಳಬೇಕಾದ ಗಾಲಿಬ್ ಇಲ್ಲಿಂದ ಶುರು. ಅರವತ್ತರ ಮುದುಕ, ಬಲ್ಲಿಮಾರಾನ್‌ನ ಕಾಸಿಂ ಜಾನ್ ಗಲ್ಲಿಯಲ್ಲಿ ಬಾಡಿಗೆ ಮನೆ, ಕೈಯಲ್ಲಿ ಕಾಸಿಲ್ಲ, ಮಾತಾಡೋಕೆ ಜನ ಇಲ್ಲ.

ಕೊನೆಯದೇ ಮುಖ್ಯ. ದಂಗೆ ಅಡಗಿಸಿದ ಮೇಲೆ ಇಂಗ್ಲಿಷರು ದಿಲ್ಲಿಯ ಜನರನ್ನು ಹೊರಗಟ್ಟಿದರು. ಹಿಂದೂಗಳು ಬೇಗ ಮರಳಿದರು, ಮುಸ್ಲಿಮರನ್ನು ಬಹಳ ಕಾಲ ಒಳಗೆ ಬಿಟ್ಟುಕೊಳ್ಳಲಿಲ್ಲ. ಗೆಳೆಯರಲ್ಲಿ ಕೆಲವರನ್ನು ಗಲ್ಲಿಗೆ ಹಾಕಿದ್ದರು, ಕೆಲವರು ಪಾಣಿಪತ್ತು, ಲಖನೌ ಅಂತ ಚದುರಿಹೋಗಿದ್ದರು. ಬುದ್ಧಿ ಸ್ಥಿಮಿತ ಇಲ್ಲದ ತಮ್ಮ ಯೂಸುಫ್ ಆ ಅಕ್ಟೋಬರ್‌ನಲ್ಲೇ ತೀರಿಕೊಂಡ. ಇವನು ಉಳಿದದ್ದು ಒಂದು ಅದೃಷ್ಟ. ಆ ಗಲ್ಲಿಯಲ್ಲಿ ಪಟಿಯಾಲ ಮಹಾರಾಜನ ಹಕೀಮರು ಇದ್ದರು. ಮಹಾರಾಜ ಇಂಗ್ಲಿಷರ ಕಡೆಯವನು, ಗಲ್ಲಿಗೆ ತನ್ನ ಕಾವಲು ಹಾಕಿಸಿದ್ದ. ಗಾಲಿಬ್ ತನ್ನ ಶಿಷ್ಯ ತಫ್ತಾನಿಗೆ ಬರೆಯುತ್ತಾನೆ: ಎಷ್ಟು ಜನ ಗೆಳೆಯರು ಸತ್ತರೆಂದರೆ, ಈಗ ನಾನು ಸತ್ತರೆ ಅಳೋಕೂ ಯಾರೂ ಉಳಿದಿಲ್ಲ.

ಈ ಖಾಲಿ ಊರಿಗೆ ದಿನಾ ಬರುತ್ತಿದ್ದವನು ಒಬ್ಬನೇ, ಅಂಚೆಯವನು.

ಅಂಚೆಯ ಕಥೆಯನ್ನು ಸಾಹಿತ್ಯದವರು ಹೇಳೋದು ಕಮ್ಮಿ. ನನಗಂತೂ ಇದು ಸಿಕ್ಕಿದಾಗ ಖುಷಿಯಾಯಿತು. 1854ರ ಅಕ್ಟೋಬರ್‌ನಿಂದ ಕಂಪನಿ ಸರಕಾರ ಇಡೀ ದೇಶಕ್ಕೆ ಒಂದೇ ಅಂಚೆ ದರ ಮಾಡಿತು. ಅದಕ್ಕೆ ಮುಂಚೆ ದೂರ ಹೆಚ್ಚಿದಷ್ಟೂ ದುಡ್ಡು ಹೆಚ್ಚು. ಈಗ ಕಾಲು ತೊಲ ತೂಕದ ಕಾಗದ ಎಲ್ಲಿಗೆ ಹೋದರೂ ಅರ್ಧಾಣೆ. ಅಂಚೆ ಚೀಟಿ ಅಂಟಿಸದೆ ಹಾಕಿದರೆ, ಪಡೆಯುವವನು ದುಪ್ಪಟ್ಟು ಕೊಟ್ಟು ಬಿಡಿಸಿಕೊಳ್ಳಬೇಕು. ಗಾಲಿಬ್ ಅದಕ್ಕೆ ಮುಂಚೆಯೂ ಕಾಗದ ಬರೆಯುತ್ತಿದ್ದ, ಮೊದಲು ಪಾರಸಿಯಲ್ಲಿ, ಆಮೇಲೆ ಉರ್ದುವಿನಲ್ಲಿ. ಆದರೆ ಹೊಳೆ ಹರಿದದ್ದು 1857ರ ನಂತರ. ಪಿಂಚಣಿ ನಿಂತವನಿಗೂ ಅರ್ಧಾಣೆ ಸಿಗುತ್ತಿತ್ತು.

1858ರ ಕೊನೆಯಲ್ಲಿ ತಫ್ತಾನಿಗೆ ಬರೆದ ಒಂದು ಕಾಗದ ಇದೆ. ತಫ್ತಾ ಅಂದರೆ ಮುನ್ಶಿ ಹರಗೋಪಾಲ, ಸಿಕಂದರಾಬಾದಿನವನು. ಹೈದರಾಬಾದ್ ಪಕ್ಕದ್ದಲ್ಲ, ದಿಲ್ಲಿ ಹತ್ತಿರದ ಬುಲಂದಶಹರದ ಕಡೆಯದು. ಆ ಕಾಗದದ ಸಾರ ನನ್ನ ಮಾತಲ್ಲಿ ಹೀಗೆ: ಈ ಒಂಟಿತನದಲ್ಲಿ ನಾನು ಬದುಕಿರುವುದೇ ಕಾಗದಗಳ ಮೇಲೆ. ಯಾರ ಕಾಗದ ಬಂದರೂ ಅವನೇ ಬಂದ ಅಂದುಕೊಳ್ಳುತ್ತೇನೆ. ದಿನಾ ಎರಡು ನಾಲ್ಕು ಬರುತ್ತವೆ, ಕೆಲವು ದಿನ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಓದೋದರಲ್ಲಿ, ಉತ್ತರ ಬರೆಯೋದರಲ್ಲಿ ಹೊತ್ತು ಹೋಗುತ್ತದೆ. ನಿನ್ನದು ಮಾತ್ರ ಹತ್ತು ಹನ್ನೆರಡು ದಿನದಿಂದ ಇಲ್ಲ. ಬರೆಯದಿದ್ದರೆ ಯಾಕೆ ಬರೆಯಲಿಲ್ಲ ಅಂತಾದರೂ ಬರಿ. ಅರ್ಧಾಣೆಗೆ ಜಿಪುಣತನ ಮಾಡಬೇಡ, ಅಷ್ಟು ಕಷ್ಟವಾದರೆ ಚೀಟಿ ಇಲ್ಲದೆ ಕಳಿಸು.

ಪಿಂಚಣಿ ಇಲ್ಲದ ಮುದುಕ ದುಪ್ಪಟ್ಟು ಕೊಡೋಕೆ ರೆಡಿ ಇದ್ದ! ನಾನು ಆ ಕಾಗದವನ್ನು ಮೂರು ಸಲ ಓದಿದೆ.

ನಮ್ಮ ತಾತ ಪೋಸ್ಟ್ ಕಾರ್ಡ್ ಬರೆಯುವಾಗ ‘ಉಭಯಕುಶಲೋಪರಿ ಸಾಂಪ್ರತ’ ಅಂತಲೇ ಶುರು. ಮೇಲೆ ‘ತೀರ್ಥರೂಪು ಸಮಾನರಾದ’ ಇತ್ಯಾದಿ. ಅರ್ಧ ಕಾರ್ಡು ಅದಕ್ಕೇ ಹೋಗುತ್ತಿತ್ತು. ಗಾಲಿಬ್ ಕಾಲದ ಪಾರಸಿ ಕಾಗದ ನಮ್ಮ ತಾತನ ಕಾರ್ಡಿನ ಅಪ್ಪ. ಬಿರುದು, ಪದವಿ, ಹೊಗಳಿಕೆ ಎಲ್ಲ ಮುಗಿದ ಮೇಲೆ ವಿಷಯ. ಗಾಲಿಬ್ ಅದನ್ನೆಲ್ಲ ಕಿತ್ತುಹಾಕಿದ. ‘ಏನಪ್ಪಾ’, ‘ಸಾಹೇಬ’, ಒಂದೊಂದು ಸಲ ಅದೂ ಇಲ್ಲ, ನೇರ ಮಾತು. ಗೆಳೆಯ ಹಾತಿಮ್ ಅಲಿ ಮೆಹ್ರ್‌ಗೆ ಜಂಬದಿಂದಲೇ ಹೇಳುತ್ತಾನೆ, ಪತ್ರವ್ಯವಹಾರವನ್ನು ಮಾತುಕತೆ ಮಾಡಿಬಿಟ್ಟೆ, ಸಾವಿರಾರು ಮೈಲಿ ದೂರದಿಂದ ಲೇಖನಿಯ ನಾಲಿಗೆಯಲ್ಲಿ ಮಾತಾಡು ಅಂತ. ಪಾಣಿಪತ್ತಿಗೆ ಹೋಗಿದ್ದ ಶಿಷ್ಯ ಮೀರ್ ಮೆಹದಿ ಮಜ್ರೂಹ್‌ಗೆ ಬರೆದ ಒಂದು ಕಾಗದವಂತೂ ಪೂರಾ ನಾಟಕ. ಮೀರನ್ ಸಾಹೇಬ ಅನ್ನುವವರ ಜೊತೆ ಇವನ ಜಗಳ. ‘ಮೆಹದಿಯ ಕಾಗದಕ್ಕೆ ಇವತ್ತು ಉತ್ತರ ಬರೆಯೋಕೆ ಅಪ್ಪಣೆ ಉಂಟೋ?’ ‘ನಾನೆಲ್ಲಿ ಬೇಡ ಅಂದೆ?’ ಹೀಗೇ ಸಾಗುತ್ತದೆ. ಕಾಗದ ಬರೆಯಲು ತಡವಾದ ಕಥೆಯೇ ಕಾಗದ!

ಕಾಗದ ಹಾಕುವ ಲಕೋಟೆಯನ್ನೂ ತಾನೇ ಮಾಡುತ್ತಿದ್ದ. ಆಗ್ರಾದ ಶಿವನಾರಾಯಣ ಆರಾಮ್ ಛಾಪಖಾನೆ ಇಟ್ಟಿದ್ದವನು, ಅಚ್ಚು ಹಾಕಿದ ಲಕೋಟೆ ಕಳಿಸಿದರೆ ಇವನಿಗೆ ಹಿಡಿಸಲಿಲ್ಲ. ಲಕೋಟೆ ಮಾಡೋದು ಮನಸ್ಸಿಗೆ ಹೊತ್ತು ಕಳೆಯುವ ಕೆಲಸ, ಕೆಲಸ ಇಲ್ಲದವನು ಇನ್ನೇನು ಮಾಡಬೇಕು ಅನ್ನುತ್ತಾನೆ. ಯಾರಾದರೂ ವಿಳಾಸದಲ್ಲಿ ಗಲ್ಲಿ, ಮೊಹಲ್ಲಾ ಅಂತ ಉದ್ದ ಬರೆದರೆ ಸಿಟ್ಟು. ಹೆಸರು, ದಿಲ್ಲಿ, ಅಷ್ಟು ಸಾಕು, ತಲುಪಿಸೋದು ನನ್ನ ಜವಾಬ್ದಾರಿ. ಸ್ವಂತ ಮನೆ ಒಂದು ದಿನವೂ ಇಲ್ಲದ ಮನುಷ್ಯ, ಇಡೀ ದಿಲ್ಲಿಯನ್ನೇ ವಿಳಾಸ ಮಾಡಿಕೊಂಡಿದ್ದ.

ಆ ಬಾಡಿಗೆ ಮನೆಯ ಮಳೆಗಾಲ ಕೇಳಿ. 1862ರಲ್ಲಿ ಲೋಹಾರು ನವಾಬರ ಮನೆತನದ ಅಲಾಯಿಗೆ ಬರೆದದ್ದು. ಸೂರು ಜರಡಿಯಾಗಿದೆ, ಗೋಡೆ ವಾಲಿದೆ, ಗಲ್ಲಿಯೇ ಕಾಲುವೆ. ಮೋಡ ಎರಡು ಗಂಟೆ ಸುರಿದರೆ ಸೂರು ನಾಲ್ಕು ಗಂಟೆ ಸುರಿಯುತ್ತದೆ. ನಮ್ಮಲ್ಲಿ ‘ಮಳೆ ಬಿಟ್ಟರೂ ಮರದ ಹನಿ ಬಿಡದು’ ಅಂತಾರಲ್ಲ, ಮೇಷ್ಟ್ರಿಗೆ ಇದನ್ನು ಹೇಳಿದೆ. ಬರೆದುಕೊಂಡರು. ಗಾಲಿಬ್ ಮುಂದುವರಿಸುತ್ತಾನೆ: ರಿಪೇರಿ ಮಾಡಿಸೋಣ ಅಂದರೆ ಮಳೆ ನಿಲ್ಲಬೇಕು, ಮಾಡಿಸುವಾಗ ನಾನು ಕೂರೋದಾದರೂ ಎಲ್ಲಿ? ಸಾಯೋದಕ್ಕೆ ಹೆದರಲ್ಲ, ಸೌಕರ್ಯ ಇಲ್ಲದ್ದಕ್ಕೆ ಕಂಗಾಲಾಗಿದ್ದೇನೆ. ಇಷ್ಟೆಲ್ಲ ಹೇಳೋದು ಯಾಕೆ ಗೊತ್ತಾ? ಮಳೆಗಾಲಕ್ಕೆ ನಿಮ್ಮ ಒಂದು ಮನೆ ಕೊಡಿಸಪ್ಪಾ ಅಂತ ಕೇಳೋದಕ್ಕೆ. ಬೇಡುವ ಕಾಗದವೂ ಇಷ್ಟು ಚೆಂದ.

ಇನ್ನು ದಿನಚರಿ. ಕೊನೆಗಾಲದ ಊಟ ಅವನೇ ಲೆಕ್ಕ ಕೊಟ್ಟಿದ್ದಾನೆ. ಬೆಳಿಗ್ಗೆ ಏಳು ಬಾದಾಮಿ ಅರೆದ ಹಾಲು, ಸಕ್ಕರೆ ಪಾನಕದ ಜೊತೆ. ಮಧ್ಯಾಹ್ನ ಸೇರು ಮಾಂಸ ಬೇಯಿಸಿದ ಗಟ್ಟಿ ನೀರು. ಸಂಜೆ ಯಾವಾಗಲಾದರೂ ಮೂರು ಕರಿದ ಕಬಾಬು. ರಾತ್ರಿ ಐದು ರೂಪಾಯಿ ತೂಕದ ಮದ್ಯ. ಆಗಿನ ಬೆಳ್ಳಿ ರೂಪಾಯಿ ಒಂದು ತೊಲ, ಹಾಗಾಗಿ ಐದು ತೊಲ. ರೂಪಾಯಿಗೆ ತಡಕಾಡುವವನು ಮದ್ಯವನ್ನು ರೂಪಾಯಿಯಲ್ಲೇ ತೂಗುತ್ತಾನೆ ನೋಡಿ. ಮಾವಿನ ಹಣ್ಣಿನ ಹುಚ್ಚು ಎಲ್ಲರಿಗೂ ಗೊತ್ತಿದೆ, ಬಿಡಿ.

ಗಡ್ಡದ ಕಾಗದ ನನಗೆ ಬಹಳ ಇಷ್ಟ. ಕೆನ್ನೆಯ ಮೇಲೆ ಇರುವೆ ಮೊಟ್ಟೆಯಂಥ ಬಿಳಿ ಕೂದಲು ಕಾಣಿಸಿಕೊಂಡವು, ಮುಂದಿನ ಎರಡು ಹಲ್ಲೂ ಮುರಿದವು. ಸರಿ, ಗಡ್ಡ ಬಿಟ್ಟ. ಆದರೆ ಈ ಊರಲ್ಲಿ ಮುಲ್ಲಾ, ಅಗಸ, ನೀರು ಹೊರುವವನು, ನೇಕಾರ, ತರಕಾರಿಯವನು ಎಲ್ಲರದ್ದೂ ಒಂದೇ ಸಮವಸ್ತ್ರ, ಗದ್ದಕ್ಕೆ ಗಡ್ಡ, ತಲೆಗೆ ಕೂದಲು. ನಾನು ಗಡ್ಡ ಬಿಟ್ಟ ದಿನವೇ ತಲೆ ಬೋಳಿಸಿದೆ ಅನ್ನುತ್ತಾನೆ. ಮುಪ್ಪಿನಲ್ಲೂ ಗುಂಪಿಗೆ ಸೇರೋಕೆ ಒಲ್ಲೆ. ಇದರಲ್ಲಿ ಸ್ವಲ್ಪ ದೊಡ್ಡಸ್ತಿಕೆಯ ವಾಸನೆಯೂ ಇದೆ, ಇಲ್ಲ ಅನ್ನಲ್ಲ.

ಉಪವಾಸದ್ದು ಇನ್ನೂ ಮಜಾ. ರೋಜಾ ಇಟ್ಟಿದ್ದೇನೆ, ಆದರೆ ಅದನ್ನು ರಮಿಸುತ್ತಿರುತ್ತೇನೆ, ಒಂದು ಗುಟುಕು ನೀರು, ಒಂದು ದಮ್ಮು ಹುಕ್ಕಾ, ಒಂದು ಚೂರು ರೊಟ್ಟಿ. ಜನಕ್ಕೆ ಬುದ್ಧಿ ಇಲ್ಲ, ರೋಜಾ ಇಡಲ್ಲ ಅಂತಾರೆ. ಇಡದಿರೋದು ಬೇರೆ, ರಮಿಸೋದು ಬೇರೆ.

ಎಲ್ಲವೂ ನಗು ಅಂತಲ್ಲ. ಮಜ್ರೂಹ್‌ಗೆ ಬರೆದ ಇನ್ನೊಂದರಲ್ಲಿ ದಿಲ್ಲಿಯ ಲೆಕ್ಕ ಇದೆ. ದಿಲ್ಲಿ ನಿಂತಿದ್ದು ಐದರ ಮೇಲೆ: ಕೋಟೆ, ಚಾಂದನಿ ಚೌಕ, ಜಾಮಾ ಮಸೀದಿಯ ದಿನದ ಸಂತೆ, ವಾರಕ್ಕೊಮ್ಮೆ ಯಮುನಾ ಸೇತುವೆಯ ತಿರುಗಾಟ, ವರ್ಷಕ್ಕೊಮ್ಮೆ ಹೂವಾಡಿಗರ ಜಾತ್ರೆ. ಐದೂ ಇಲ್ಲ, ಇನ್ನು ದಿಲ್ಲಿ ಎಲ್ಲಿ? ಹೌದು, ಹಿಂದೂಸ್ತಾನದಲ್ಲಿ ಆ ಹೆಸರಿನ ಒಂದು ಊರಿತ್ತು.

ರಾಂಪುರದ ನವಾಬರಿಗೆ ಬರೆದವನ್ನು ನಾನು ಬೇಗ ಬೇಗ ತಿರುವಿಹಾಕಿದೆ. 1859ರಿಂದ ಅಲ್ಲಿಂದ ತಿಂಗಳಿಗೆ ನೂರು ರೂಪಾಯಿ ಬರುತ್ತಿತ್ತು. ಮರು ವರ್ಷ ಪಿಂಚಣಿಯೂ ಮತ್ತೆ ಶುರುವಾಯಿತು, ಮೂರು ವರ್ಷದ ಬಾಕಿ ಬಂದಷ್ಟೇ ಬೇಗ ಸಾಲಗಾರರ ಪಾಲಾಯಿತು. ನವಾಬರ ಮುಂದೆ ಮತ್ತೆ ಆ ಹಳೇ ಬಿರುದು, ಹೊಗಳಿಕೆ, ಕೈಕಟ್ಟಿದ ಭಾಷೆ. ಇಂಗ್ಲಿಷರ ಮುಂದೆಯೂ ಹಾಗೇ. ಇದನ್ನು ಮುಚ್ಚಿಟ್ಟು ‘ಸ್ವಾಭಿಮಾನಿ ಕವಿ’ ಅಂತ ಭಾಷಣ ಮಾಡುವವರನ್ನು ಕಂಡರೆ ನನಗೆ ಕಿರಿಕಿರಿ. ಹೊಟ್ಟೆಪಾಡಿಗೆ ಒಂದು ಭಾಷೆ, ಗೆಳೆಯರಿಗೆ ಒಂದು ಭಾಷೆ. ನಮ್ಮಲ್ಲಿ ಎಷ್ಟು ಜನ ಬೇರೆ ಥರ ಇದ್ದೇವೆ?

ನನಗೆ ನಿಜವಾಗಿ ಚುಚ್ಚಿದ್ದು ಬೇರೆ. ಹೆಂಡತಿ ಉಮರಾವ್ ಬೇಗಂ. ಮದುವೆಯಾದಾಗ ಇವನಿಗೆ ಹದಿಮೂರು. ಏಳು ಮಕ್ಕಳು ಹುಟ್ಟಿದವು, ಒಂದೂ ಉಳಿಯಲಿಲ್ಲ. ಸಾಕಿಕೊಂಡ ಆರಿಫ್ ಕೂಡ 1852ರಲ್ಲಿ ತೀರಿಕೊಂಡ. ಅವನ ಇಬ್ಬರು ಮಕ್ಕಳನ್ನು ಮುದುಕರೇ ಸಾಕಿದರು. ಅಲಾಯಿಗೆ 1861ರಲ್ಲಿ ಬರೆದ ಒಂದು ಪ್ರಸಿದ್ಧ ಕಾಗದ ಇದೆ. ಹುಟ್ಟಿದ್ದು ವಿಚಾರಣೆಗೆ, ಮದುವೆಯ ದಿನ ಜೀವಾವಧಿ ಶಿಕ್ಷೆ, ಕಾಲಿಗೆ ಒಂದು ಬೇಡಿ, ದಿಲ್ಲಿಯೇ ಜೈಲು. ಕಲ್ಕತ್ತಕ್ಕೆ ಓಡಿಹೋದೆ, ಹಿಡಿದು ತಂದು ಕೈಗೂ ಎರಡು ಕೋಳ ಹಾಕಿದರು, ಅಂದರೆ ಆ ಇಬ್ಬರು ಹುಡುಗರು. ಮತ್ತೆ ರಾಂಪುರಕ್ಕೆ ಓಡಿದೆ, ಎರಡು ತಿಂಗಳು ತುಂಬುವ ಮೊದಲೇ ಮತ್ತೆ ಸಿಕ್ಕಿಬಿದ್ದೆ. ಓದುವಾಗ ನಕ್ಕೆ. ನಕ್ಕ ಮೇಲೆ ಬೇಡಿಯ ಕಡೆ ಯೋಚನೆ ಹೋಯಿತು. ಏಳು ಹೆರಿಗೆ, ಏಳು ಸಾವು ಕಂಡವಳು ಅವಳು. ನಮಾಜು ಉಪವಾಸ ತಪ್ಪದವಳು, ಗಂಡ ಕುಡಿಯುತ್ತಾನೆಂದು ತನ್ನ ಪಾತ್ರೆ ಬೇರೆ ಇಟ್ಟುಕೊಂಡಿದ್ದಳಂತೆ. ಇವನು ನೂರಾರು ಕಾಗದದಲ್ಲಿ ಮಾತಾಡಿದ, ಆ ಪುಸ್ತಕದಲ್ಲಿ ಅವಳದ್ದು ಒಂದು ಸಾಲಿಲ್ಲ. ಮೇಷ್ಟ್ರಿಗೆ ಹೇಳಿದೆ. ಅವರು ಸುಮ್ಮನಿದ್ದರು. ಒಳಗಿನಿಂದ ಅವರ ಮನೆಯವರು ಚಹಾ ಇಟ್ಟು, "ಆ ಬೇಗಂ ಕಾಗದ ಬರೆದಿದ್ರೆ ನೀವಿಬ್ರೂ ಹಿಂಗೆ ನಗ್ತಿರಲಿಲ್ಲ" ಅಂದು ಹೋದರು.

ಅದೇ ಜೈಲಿನ ಕಾಗದದ ಕೊನೆಯಲ್ಲಿ ಬಿಡುಗಡೆಯ ಸುದ್ದಿ ಇದೆ. ಹಿಜರಿ 1277ರ ಕೊನೆಯ ತಿಂಗಳಲ್ಲಿ, ಅಂದರೆ ಆ 1861ರಲ್ಲೇ, ಬಿಡಬಹುದು ಅಂತ. ಆ ವರ್ಷ ತಾನು ಸಾಯುತ್ತೇನೆಂದು ಅಕ್ಷರಕ್ಕೊಂದು ಅಂಕಿ ಅಂತ ಲೆಕ್ಕ ಕಟ್ಟಿ ಊರಿಗೆಲ್ಲ ಹೇಳಿದ್ದ. ಊರಲ್ಲಿ ಆಗ ಕಾಲರಾ ಬೇರೆ. 1277 ಮುಗಿಯಿತು, ಗಾಲಿಬ್ ಸಾಯಲಿಲ್ಲ. ಮಜ್ರೂಹ್ ಕೇಳಿದಾಗ ಉತ್ತರ ರೆಡಿ. ಲೆಕ್ಕ ತಪ್ಪಲ್ಲ, ಎಲ್ಲರೂ ಸಾಯುವ ರೋಗದಲ್ಲಿ ಸಾಯೋದು ನನ್ನ ಅಂತಸ್ತಿಗೆ ಕಮ್ಮಿ ಅಂತ ಬಿಟ್ಟೆ, ರೋಗ ಕಳೀಲಿ ನೋಡೋಣ. ಇನ್ನೊಂದರಲ್ಲಿ ರೋಗಕ್ಕೇ ಛೀಮಾರಿ: ಅರವತ್ತಾರರ ಒಬ್ಬ ಗಂಡಸು, ಅರವತ್ತನಾಲ್ಕರ ಒಬ್ಬ ಹೆಂಗಸು, ಇವರಲ್ಲಿ ಒಬ್ಬರನ್ನೂ ಕೊಲ್ಲಲಾಗದ ಇದೂ ಒಂದು ರೋಗವೇ?

ಆಮೇಲೆ ಮೈತುಂಬ ಹುಣ್ಣು, ಕಿವಿ ಪೂರ್ತಿ ಮಂದ. ಬಂದವರು ಹೇಳಬೇಕಾದ್ದನ್ನು ಬರೆದು ತೋರಿಸುತ್ತಿದ್ದರು. ಅಲ್ಲಿಗೆ ಎದುರು ಕೂತವರ ಮಾತೂ ಕಾಗದವೇ ಆಯಿತು. ಶಿಷ್ಯ ಹಾಲಿ ಈ ದಿನಗಳನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಸಾಲ ತೀರಿಸಿ ಕಳಿಸಿಕೊಡಿ ಅಂತ ರಾಂಪುರಕ್ಕೆ ಮನವಿಯೂ ಹೋಗಿತ್ತು.

ಇವನ ಉರ್ದು ಕಾಗದಗಳನ್ನು ಅಚ್ಚು ಹಾಕಿಸುತ್ತೇವೆ ಅಂತ 1858ರಲ್ಲೇ ಗೆಳೆಯರು ಕೇಳಿದ್ದರು. ಬೇಡ, ಕೈಗೆ ಬಂದ ಹಾಗೆ ಗೀಚಿದ್ದು ಅಂತ ತಡೆದಿದ್ದ. ಹತ್ತು ವರ್ಷದ ಮೇಲೆ ಒಪ್ಪಿಕೊಂಡ. 1868ರ ಅಕ್ಟೋಬರ್‌ನಲ್ಲಿ ಮೊದಲ ಸಂಗ್ರಹ ಬಂತು. ಇನ್ನೊಂದು ಅಚ್ಚಿನಲ್ಲಿತ್ತು.

ಫೆಬ್ರವರಿಯಲ್ಲಿ ಅಲಾಯಿ ಕಾಗದ ಹಾಕಿ ಆರೋಗ್ಯ ವಿಚಾರಿಸಿದ. ಸಾಯುವ ಹಿಂದಿನ ದಿನ ಗಾಲಿಬ್ ಉತ್ತರ ಹೇಳಿ ಬರೆಸಿದ. ನನ್ನನ್ನೇನು ಕೇಳ್ತೀಯ, ಒಂದೆರಡು ದಿನ ಬಿಟ್ಟು ಅಕ್ಕಪಕ್ಕದವರನ್ನು ಕೇಳು. 1869ರ ಫೆಬ್ರವರಿ 15. ಹಿಜರಿ ಲೆಕ್ಕದಲ್ಲಿ 1285, ಬಿಡುಗಡೆಗೆ ಎಂಟು ವರ್ಷ ತಡ.