ದುರ್ಗದ ಅರ್ಕಾವತ್ತು

ದಾವಣಗೆರೆಯಲ್ಲಿ ಸಂಜೆ ಮಂಡಕ್ಕಿ ಮಿರ್ಚಿ ಅಂಗಡಿ ಮುಂದೆ ನಿಂತರೆ ಇಂಜಿನಿಯರಿಂಗ್ ಹುಡುಗರ ಜಗಳ ಕಿವಿಗೆ ಬೀಳುತ್ತದೆ: ಕೋಡ್ ಬರೆಯಲು ಯಾವ ಎಡಿಟರ್ ಒಳ್ಳೇದು? ಒಬ್ಬನಿಗೆ ವಿಮ್, ಇನ್ನೊಬ್ಬನಿಗೆ ವಿಎಸ್ ಕೋಡ್. ವಿಮ್‌ನ ಪೂರ್ವಜ ವಿಐ, ಅದರ ಹಳೇ ಎದುರಾಳಿ ಈಮ್ಯಾಕ್ಸ್ ಎರಡೂ 1976ರಲ್ಲಿ ಹುಟ್ಟಿದವು. ಜಗಳಕ್ಕೂ ಹೆಚ್ಚುಕಡಿಮೆ ಅಷ್ಟೇ ವಯಸ್ಸು. ಮಿರ್ಚಿ ಆರಿದರೂ ಮುಗಿಯುವುದಿಲ್ಲ. ಇವರಲ್ಲಿ ಒಬ್ಬನಾದರೂ ತನ್ನ ಎಡಿಟರಿನಲ್ಲಿ ‘ಚಿತ್ರದುರ್ಗ’ ಎಂದು ಟೈಪಿಸಿ ನೋಡಿರಬೇಕಲ್ಲ! ಪಕ್ಕದ ಊರು ಮಾರಾಯ್ರೆ.

ಬಾಯಲ್ಲಿ ಅದು ನಾಲ್ಕೇ ಅಕ್ಷರ. ಕಂಪ್ಯೂಟರಿಗೆ ಹತ್ತು ಯೂನಿಕೋಡ್ ಸಂಕೇತ, ಅವನ್ನು ಫೈಲಿನಲ್ಲಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ 30 ಬೈಟು. ಈಗ ಕೊನೆಯ ಅರ್ಕಾವತ್ತನ್ನು ಅಳಿಸಬೇಕು ಅನ್ನಿ. ಕಣ್ಣಿಗೆ ಅದೇ ಕಟ್ಟಕಡೆಗೆ ಕೂತಿದೆ. ಬ್ಯಾಕ್‌ಸ್ಪೇಸ್ ಒತ್ತಿದರೆ ಹೋಗುವುದು ಮಾತ್ರ ಗ! ಉಳಿಯುವುದು ‘ಚಿತ್ರದುರ್’. ಫೈಲಿನೊಳಗಿನ ಕ್ರಮ ರ, ಹಲಂತ (್ ಚಿಹ್ನೆ), ಗ. ರಕಾರವನ್ನು ಎತ್ತಿ ಗಕಾರದ ಬಲಕ್ಕೆ ಕೂರಿಸುವುದು ಫಾಂಟು ಮತ್ತು ಅಕ್ಷರ ಜೋಡಿಸುವ ತಂತ್ರಾಂಶದ ಕೆಲಸ. ‘ಸ್ತ್ರೀ’ ಅಳಿಸಲು ಸಾಮಾನ್ಯವಾಗಿ ಆರು ಸಲ ಒತ್ತಬೇಕು: ಸ್ತ್ರ, ಸ್ತ್, ಸ್ತ, ಸ್, ಸ, ಆಮೇಲೆ ಬಯಲು. ಅದೇ ಅಕ್ಷರದ ಎಡಕ್ಕೆ ಕರ್ಸರ್ ಇಟ್ಟು ಡಿಲೀಟ್ ಒತ್ತಿ, ಹಲವು ಕಡೆ ಇಡೀ ಸ್ತ್ರೀ ಒಂದೇ ಏಟಿಗೆ ಮಾಯ. ಹಿಂದಕ್ಕೊಂದು ನ್ಯಾಯ, ಮುಂದಕ್ಕೊಂದು ನ್ಯಾಯ.

ವಿಮ್ ಭಕ್ತರ ಪಾಡು ಬೇರೆ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲಿ ಕ್ಯು ಇರುವ ಜಾಗದಲ್ಲಿ ಟ ಇದೆ. ಕನ್ನಡದಲ್ಲಿ ಬರೆದು, ಎಸ್ಕೇಪ್ ಒತ್ತಿ, ಕೀಲಿಮಣೆಯನ್ನು ಇಂಗ್ಲಿಷಿಗೆ ತಿರುಗಿಸಲು ಮರೆತು, ವಿಮ್‌ನಿಂದ ಹೊರಬರುವ ಕಮಾಂಡಾದ ಕೋಲನ್, ಕ್ಯು ಒತ್ತಿದಿರೋ, ಕೆಳಗೆ ‘:ಟ’ ಮೂಡುತ್ತದೆ. ಅಂಥ ಕಮಾಂಡೇ ಇಲ್ಲ ಅನ್ನುತ್ತದೆ ವಿಮ್. ದುರ್ಗದ ಕೋಟೆಗಾದರೂ ಒಂದು ಕಿಂಡಿ ಇತ್ತು.

ವಿಎಸ್ ಕೋಡಿನಲ್ಲಿ ಒತ್ತಕ್ಷರದ ಬಾಲ ಕೆಳಗಿನ ಸಾಲಿಗೆ ತಾಗುತ್ತಿದ್ದರೆ ಸೆಟ್ಟಿಂಗಿನಲ್ಲಿ ಲೈನ್ ಹೈಟ್ 1.8 ಮಾಡಿ. ಫಾಂಟ್ ಫ್ಯಾಮಿಲಿಯಲ್ಲಿ ಕೋಡಿನ ಫಾಂಟಿನ ನಂತರ ಕಾಮಾ ಹಾಕಿ ನೋಟೊ ಸ್ಯಾನ್ಸ್ ಕನ್ನಡ ಸೇರಿಸಿ. ಅದನ್ನೇ ಮೊದಲು ಹಾಕಿದರೆ ಕೋಡಿನ ಇಂಗ್ಲಿಷ್ ಅಕ್ಷರಗಳ ಅಳತೆಯೂ ಕೆಡಬಹುದು. ಇಷ್ಟಾದರೂ ಕಾಲಂಗಳು ನೇರ ನಿಲ್ಲಲಿಲ್ಲವೇ? ನಿಲ್ಲುವುದಿಲ್ಲ. ‘ರ’ ಮತ್ತು ‘ಯೋ’ ಎರಡನ್ನೂ ಒಂದೇ ಅಗಲದ ಖಾನೆಗೆ ತುರುಕುವುದು ಹೇಗೆ?

ಯಾವ ಎಡಿಟರ್ ಒಳ್ಳೇದು ಎಂಬ ಮಾತು ಅಲ್ಲೇ ಉಳಿಯಿತು. ಹೊಸ ಆವೃತ್ತಿ ಬಂದಾಗ ಹುಡುಗರು ಮೊದಲು ಹುಡುಕುವುದು ಕಪ್ಪು ಥೀಮಿನಲ್ಲೇ ಇನ್ನೊಂದು ಕಪ್ಪು. ಹಾಕಿಕೊಳ್ಳಲಿ. ಅದರಲ್ಲೂ ದುರ್ಗದ ಗ-ನೇ ಮೊದಲು ಹೋಗುತ್ತದೆ.